ಬಿಲ್ಲೆಗಳ ಕಂಬದಲ್ಲಿ ವಿದ್ಯುತ್ತಿನ ಓಟ

(ಪದವಿಪೂರ್ವ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ಆಡಿದ ಮಾತಿನ ಬರಹರೂಪ)

ಗೆಳೆಯರೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಭೌತವಿಜ್ಞಾನ ಓದಿದವಳಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರಳಾದವಳು. ನನಗೆ ಅರ್ಥವಾದಷ್ಟನ್ನು, ಅರ್ಥವಾದ ಬಗೆಯಲ್ಲೇ ಹೇಳುತ್ತೇನೆ.

ನೀವೆಲ್ಲ ಲಗೋರಿ ಆಡಿದವರೇ. ಚಪ್ಪಟೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುತ್ತೀರಿ. ಅಂಥ ಬಿಲ್ಲೆ ಅಣುವಿನಷ್ಟು ಚಿಕ್ಕದಾಗಿದ್ದು, ಕೋಟ್ಯಂತರ ಬಿಲ್ಲೆಗಳು ಯಾರೂ ಪೇರಿಸದೆ ತಾವಾಗಿಯೇ ಕಂಬಗಳಾಗಿ ನಿಂತರೆ ಹೇಗಿರುತ್ತದೆ? ಅಂಥ ವಸ್ತು ಇದೆ. ಅದನ್ನು 1977ರಲ್ಲಿ ಜಗತ್ತಿಗೆ ತೋರಿಸಿದ್ದು ನಮ್ಮ ಬೆಂಗಳೂರಿನ, ಮೇಖ್ರಿ ವೃತ್ತದ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಸರ್ ಕೊಲೆಸ್ಟರಾಲ್ ಸಂಯುಕ್ತವೊಂದನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿದಂತೆ ಕಂಡಿತು. ಸುಮಾರು 145 ಡಿಗ್ರಿಯಲ್ಲಿ ಮಬ್ಬಾದ ದ್ರವ. 178 ದಾಟಿದ ಮೇಲೆ ತಿಳಿಯಾದ ದ್ರವ. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅದು ಹರಿಯುತ್ತದೆ, ಆದರೆ ಅಣುಗಳ ಶಿಸ್ತು ಪೂರ್ತಿ ಕೆಟ್ಟಿರುವುದಿಲ್ಲ.

ಅಲ್ಲಿಂದ ಸುಮಾರು 90 ವರ್ಷ, ಹೀಗೆ ಕರಗುವ ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂಬುದೇ ಸಾಮಾನ್ಯ ನಂಬಿಕೆ. ಕ್ಯಾಲ್ಕುಲೇಟರಿನಲ್ಲಿ ಅಂಕೆ ಮೂಡಿಸುವುದೂ ಕಡ್ಡಿ ಅಣುಗಳೇ. ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬೇರೆ ಆಕಾರವನ್ನು ಹಿಡಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಬಾಲ; ಒಟ್ಟಿನಲ್ಲಿ ಒಂದು ಬಿಲ್ಲೆ. ಕಾಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಎಕ್ಸ್‌ರೇ ಹಾಯಿಸಿದಾಗ ಬಿಲ್ಲೆಗಳು ಕಂಬಗಳಾಗಿ ಪೇರಿಕೊಂಡಿರುವುದು, ಕಂಬಗಳು ಜೇನುಹಟ್ಟಿನ ಕೋಣೆಗಳಂತೆ ಒತ್ತಾಗಿ ನಿಂತಿರುವುದು ತಿಳಿಯಿತು. ಪ್ರಬಂಧ ಅಚ್ಚಾದದ್ದು ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ ಹೊರತರುವ 'ಪ್ರಮಾಣ' ಪತ್ರಿಕೆಯಲ್ಲಿ. ದೊಡ್ಡ ಸುದ್ದಿಗೆ ವಿದೇಶಿ ಪತ್ರಿಕೆಯೇ ಬೇಕೆನ್ನುವವರು ಇದನ್ನು ನೆನಪಿಡಬೇಕು.

(ಈ ಚಂದ್ರಶೇಖರ್ ನೊಬೆಲ್ ಪಡೆದ ಖಭೌತವಿಜ್ಞಾನಿಯಲ್ಲ. ಇವರು ಶಿವರಾಮಕೃಷ್ಣ ಚಂದ್ರಶೇಖರ್, ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದವರು. ಇಬ್ಬರೂ ಸಿ.ವಿ. ರಾಮನ್ನರ ಬಂಧುಗಳಾದ್ದರಿಂದ ಗೊಂದಲವಾಗುವುದು ಸಹಜ.)

ಈಗ ವಿದ್ಯುತ್ತಿನ ವಿಷಯ. ಬಿಲ್ಲೆಯ ನಡುಭಾಗದಲ್ಲಿ ಸಡಿಲವಾಗಿ ಓಡಾಡುವ ಎಲೆಕ್ಟ್ರಾನುಗಳಿವೆ. ಕಂಬದೊಳಗೆ ಬಿಲ್ಲೆಗೂ ಬಿಲ್ಲೆಗೂ ಇರುವ ಅಂತರ ಸುಮಾರು 0.35 ನ್ಯಾನೊಮೀಟರ್. ಪಕ್ಕದ ಕಂಬ 2ರಿಂದ 4 ನ್ಯಾನೊಮೀಟರ್ ದೂರ. ನಡುವೆ ಎಣ್ಣೆ ಜಾತಿಯ ಬಾಲಗಳು ತುಂಬಿರುತ್ತವೆ, ಅವು ವಿದ್ಯುತ್ತನ್ನು ಬಿಡುವುದಿಲ್ಲ. ಅಂದರೆ ಪ್ರತಿ ಕಂಬವೂ ಪ್ಲಾಸ್ಟಿಕ್ ಹೊದಿಕೆ ಸುತ್ತಿದ ತಂತಿಯಿದ್ದಂತೆ. ಮನೆಗೆ ಹೆಂಚು ಹೊದಿಸುವಾಗ ಏಣಿಯ ಮೇಲೆ ಸಾಲಾಗಿ ನಿಂತವರು ಹೆಂಚನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ? ವಿದ್ಯುದಂಶ ಇಲ್ಲಿ ಹಾಗೆಯೇ ಬಿಲ್ಲೆಯಿಂದ ಬಿಲ್ಲೆಗೆ ಜಿಗಿಯುತ್ತದೆ. ಸಾಲಿನಲ್ಲಿ ಒಬ್ಬ ಕದಲಿದರೂ ಕೆಲಸ ನಿಧಾನ. ಒಬ್ಬ ಜಾಗ ಬಿಟ್ಟರೆ ಹೆಂಚು ಅಲ್ಲೇ ನಿಂತಿತು.

ಈ ವೇಗವನ್ನು ಅಳೆಯುವ ಉಪಾಯ ಸೊಗಸಾಗಿದೆ. ಎರಡು ವಿದ್ಯುದ್ವಾರಗಳ ನಡುವೆ ವಸ್ತುವಿನ ತೆಳುಪದರವಿಟ್ಟು, ಒಂದು ಬದಿಯಿಂದ ಕ್ಷಣಮಾತ್ರ ಲೇಸರ್ ಮಿಂಚಿಸುತ್ತಾರೆ. ಅಲ್ಲಿ ಹುಟ್ಟಿದ ವಿದ್ಯುದಂಶ ಆಚೆ ದಡ ಮುಟ್ಟಲು ತೆಗೆದುಕೊಂಡ ಸಮಯವನ್ನು ಲೆಕ್ಕ ಹಾಕುತ್ತಾರೆ. ಜರ್ಮನಿಯ ಬೈರಾಯ್ಟ್ ಮತ್ತು ಮೈನ್ಸ್‌ನ ವಿಜ್ಞಾನಿಗಳು 1994ರಲ್ಲಿ, ಟ್ರೈಫೆನಿಲೀನ್ ಎಂಬ ಇನ್ನೂ ಅಗಲವಾದ ನಡುಭಾಗವಿರುವ ಬಿಲ್ಲೆಗಳಲ್ಲಿ ಹೀಗೆ ಅಳೆದರು. ಸೆಂಟಿಮೀಟರಿಗೆ 1 ವೋಲ್ಟ್ ಒತ್ತಡವಿದ್ದರೆ ಸೆಕೆಂಡಿಗೆ ಸುಮಾರು 0.1 ಸೆಂಟಿಮೀಟರ್ ಓಟ. ಸಿಲಿಕಾನ್ ಹರಳಿನ ಮುಂದೆ ಇದು ಬಸವನಹುಳು, ಸಾವಿರಾರು ಪಟ್ಟು ನಿಧಾನ. ಆದರೆ ಆ ಕಾಲದ ಸಾವಯವ ಅರೆವಾಹಕ ಪದರಗಳ ಲೆಕ್ಕದಲ್ಲಿ ಭಾರಿ ವೇಗ. ಅದೂ ಬಿಲ್ಲೆಗಳ ಜೋಡಣೆ ಕರಾರುವಾಕ್ಕಾಗಿದ್ದ ಹಂತದಲ್ಲಿ ಮಾತ್ರ. ಇನ್ನಷ್ಟು ಕಾಯಿಸಿ ಜೋಡಣೆ ಸಡಿಲವಾದಾಗ ವೇಗ ಬಿದ್ದುಹೋಯಿತು.

ಸಿಲಿಕಾನ್ ಇರುವಾಗ ಇದೇಕೆ ಎಂದು ಕೇಳುತ್ತೀರಿ. ಇದನ್ನು ದ್ರಾವಣ ಮಾಡಿ ಬಣ್ಣ ಬಳಿದಂತೆ ಬಳಿಯಬಹುದು, ಬಾಗುವ ಹಾಳೆಯ ಮೇಲೂ ಹಚ್ಚಬಹುದು. ಬಿರುಕು ಬಿಟ್ಟರೆ ಅಣುಗಳು ಸರಿದಾಡಿ ತಾವೇ ಮುಚ್ಚಿಕೊಳ್ಳುತ್ತವೆ. ಘನ ಹರಳಿಗೆ ಆ ಭಾಗ್ಯವಿಲ್ಲ. 2001ರಲ್ಲಿ ಕೇಂಬ್ರಿಜ್ ಮತ್ತು ಮೈನ್ಸ್‌ನವರು ಇಂಥ ಬಿಲ್ಲೆಗಳನ್ನು ಬೆರೆಸಿ ಸೌರಕೋಶ ಮಾಡಿ ತೋರಿಸಿದರು.

ತೊಡಕಿರುವುದು ಕಂಬ ನಿಲ್ಲಿಸುವುದರಲ್ಲಿ. ಸೌರಕೋಶಕ್ಕೆ ಕಂಬಗಳು ನೆಟ್ಟಗೆ ನಿಂತಿರಬೇಕು. ಟ್ರಾನ್ಸಿಸ್ಟರಿಗೆ ಒಂದೇ ದಿಕ್ಕಿಗೆ ಮಲಗಿರಬೇಕು. ಪ್ರಯೋಗಾಲಯದ ಚಿಕ್ಕ ತುಣುಕಿನಲ್ಲಿ ಸಾಧ್ಯವಾದದ್ದು ಕಾರ್ಖಾನೆಯ ದೊಡ್ಡ ಹಾಳೆಯಲ್ಲಿ ಸುಲಭವಲ್ಲ. ಇವತ್ತಿನ ಫೋನುಗಳ ಓಲೆಡ್ ಪರದೆಗಳು ನಂಬಿರುವುದು ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ, ಇಂಥ ಕಂಬಗಳಿಲ್ಲದ ಸಾವಯವ ಪದರಗಳನ್ನು. ಹೆಸರಾಂತ ಪ್ರಬಂಧಗಳ ಭರವಸೆಗೂ ಅಂಗಡಿಯ ಸರಕಿಗೂ ನಡುವೆ ಇಷ್ಟು ದೂರವಿದೆ ಎನ್ನುವುದನ್ನು ನಮ್ಮಂಥ ಸುದ್ದಿಗಾರರು ಬರೆಯುವುದು ಕಡಿಮೆ.

ವಿಚಿತ್ರವೆಂದರೆ, ಬಿಲ್ಲೆ ಅಣುಗಳು ಮಾರುಕಟ್ಟೆಗೆ ಬಂದದ್ದು ವಿದ್ಯುತ್ ಸಾಗಿಸಲು ಅಲ್ಲ, ಬೆಳಕು ತಿದ್ದಲು. ಹಳೆಯ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೆ ಚಿತ್ರ ಮಂಕಾಗುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಈ ದೋಷ ಕಡಿಮೆ ಮಾಡಲು ಬಿಲ್ಲೆ ಅಣುಗಳ ತೆಳುಹಾಳೆ ತಯಾರಿಸಿ ಮಾರಿತು. ಮೂಲ ಶೋಧ ಬೆಂಗಳೂರಿನದು, ಸರಕು ಜಪಾನಿನದು.

ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು, 2004ರಲ್ಲಿ ತೀರಿಕೊಂಡರು. ನಿಮ್ಮ ಪ್ರಯೋಗಾಲಯದಲ್ಲಿ ಹಳೆಯ ಮಾನಿಟರೊಂದು ಮೂಲೆ ಸೇರಿರುವುದನ್ನು ಬರುವಾಗ ನೋಡಿದೆ. ಚಾಲೂ ಆದರೆ, ನೇರದಿಂದಲೂ ಓರೆಯಿಂದಲೂ ಒಮ್ಮೆ ನೋಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.