ಕಾಯಿಲೆ ರಜೆ ಭಿಕ್ಷೆಯಲ್ಲ

(ಹೆಬ್ಬಗೋಡಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಲು ಆರಿಸಿಕೊಂಡ ವಿಷಯ ಕೇಳಿ ಕೆಲವರಿಗೆ ನಗು ಬಂದೀತು. ಸಂಬಳದ ಮಾತಲ್ಲ, ಬೋನಸಿನ ಮಾತಲ್ಲ, ಮುಷ್ಕರದ ಮಾತೂ ಅಲ್ಲ. ಮೈಗೆ ಹುಷಾರಿಲ್ಲದ ದಿನ ಕೆಲಸಕ್ಕೆ ಬರಲಾಗುವುದಿಲ್ಲವೆಂದು ಹೇಳಿ ಕಳಿಸುವ ರೀತಿ ಯಾವುದು ಎಂಬುದೇ ವಿಷಯ. ಇದಕ್ಕೊಂದು ಸಭೆ ಬೇಕೆ ಎಂದು ಕೇಳಬಹುದು. ಬೇಕು ಎಂದೇ ನಮ್ಮ ಅಭಿಪ್ರಾಯ. ಆಳು ಗಟ್ಟಿಮುಟ್ಟಾಗಿರುವಾಗ ಅವನನ್ನು ಯಾರಾದರೂ ಚೆನ್ನಾಗಿ ಮಾತಾಡಿಸಿಯಾರು. ಅವನು ಹಾಸಿಗೆ ಹಿಡಿದ ದಿನ ಏನು ಮಾತಾಡುತ್ತಾರೆ ಎಂಬುದರಲ್ಲಿ ಕಾರ್ಖಾನೆಯ ನಿಜವಾದ ಬಣ್ಣ ತಿಳಿಯುತ್ತದೆ.

ನಮ್ಮ ಹೆಬ್ಬಗೋಡಿಯ ಸುತ್ತ ಒಮ್ಮೆ ಕಣ್ಣಾಡಿಸಿ. ಒಂದು ಕಡೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿ. ಔಷಧಿ ತಯಾರಿಸುವ ಬಯೋಕಾನ್ ಇಲ್ಲೇ ಇದೆ. ದೂರದೂರದ ರೋಗಿಗಳು ಹುಡುಕಿಕೊಂಡು ಬರುವ ನಾರಾಯಣ ಆಸ್ಪತ್ರೆ ಪಕ್ಕದಲ್ಲೇ ಇದೆ. 2025ರ ಆಗಸ್ಟಿನಿಂದ ಮೆಟ್ರೋ ರೈಲೂ ಬೊಮ್ಮಸಂದ್ರದವರೆಗೆ ಬರುತ್ತಿದೆ. ಇಷ್ಟೆಲ್ಲ ಇರುವ ಊರಿನಲ್ಲಿ, "ನನಗೆ ಜ್ವರ, ಇವತ್ತು ಬರಲಾಗದು" ಎಂಬ ಒಂದು ಮಾತು ಹೇಳಲು ದುಡಿಯುವವರ ನಾಲಗೆ ಒಣಗುತ್ತದೆ. ಯಾಕೆ?

ಇದರ ಬೇರು ಶಾಲೆಯಲ್ಲಿದೆ. ರಜಾ ಅರ್ಜಿ ಬರೆಯುವುದನ್ನು ನಮಗೆಲ್ಲ ಅಲ್ಲಿ ಕಲಿಸಿದರು. ಜ್ವರ ಬಂದಿರುವ ಕಾರಣ ಒಂದು ದಿನ ರಜೆ ದಯಪಾಲಿಸಬೇಕಾಗಿ ತಮ್ಮಲ್ಲಿ ಪ್ರಾರ್ಥಿಸುತ್ತೇನೆ, ಇಂತಿ ತಮ್ಮ ವಿಧೇಯ. ಹತ್ತು ವರ್ಷದ ಹುಡುಗನ ಕೈಯಲ್ಲಿ ಬರೆಸಿದ ಆ ಪ್ರಾರ್ಥನೆಯನ್ನು ನಲವತ್ತು ವರ್ಷದ ಕಾರ್ಮಿಕ ಈಗಲೂ ಬರೆಯುತ್ತಿದ್ದಾನೆ. ಕಾಗದ ಹೋಗಿ ವಾಟ್ಸಾಪ್ ಬಂದಿದೆ, ಕೈಮುಗಿದ ಚಿತ್ರ ಮಾತ್ರ ಕೊನೆಯಲ್ಲಿ ಹಾಗೆಯೇ ಉಳಿದಿದೆ. ಬೇಡುವವನಿಗೆ ತಾನು ಹೇಳುವುದನ್ನು ನಂಬುತ್ತಾರೆಂಬ ಧೈರ್ಯವಿಲ್ಲ. ಆದ್ದರಿಂದ ಸಾಮಾನ್ಯ ನೆಗಡಿಗೂ ದೊಡ್ಡ ಕತೆ ಕಟ್ಟುತ್ತಾನೆ. ಊರಿನಲ್ಲಿರುವ ಅಜ್ಜಿ ಒಂದೇ ವರ್ಷದಲ್ಲಿ ಎರಡು ಸಲ ತೀರಿಕೊಳ್ಳುತ್ತಾಳೆ. ಸೂಪರ್‌ವೈಸರು ನಗುತ್ತಾನೆ, ಮುಂದಿನ ಸಲ ನಿಜವಾದ ಜ್ವರವನ್ನೂ ನಂಬುವುದಿಲ್ಲ.

ಆದ್ದರಿಂದ ಮೊದಲು ಒಂದು ಲೆಕ್ಕ ನೋಡೋಣ. ಕಾಯಿಲೆಯ ದಿನದ ಹಣ ಯಾರದು? ಜರ್ಮನಿಯಲ್ಲಿ 1883ರಲ್ಲೇ ಕಾರ್ಮಿಕರ ಕಾಯಿಲೆ ವಿಮೆಯ ಕಾಯ್ದೆಯಾಯಿತು. ನಮ್ಮ ದೇಶ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಮಾಡಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು, 1958ರಲ್ಲಿ ಬೆಂಗಳೂರಿಗೆ ಬಂತು. ನಾವು ಇ.ಎಸ್.ಐ. ಎಂದು ಕರೆಯುವುದು ಇದನ್ನೇ. 2019ರ ಜುಲೈ 1ರಿಂದ ಕಾರ್ಮಿಕನ ವಂತಿಗೆ ಸಂಬಳದ ನೂರಕ್ಕೆ 0.75, ಮಾಲೀಕನದು 3.25. ತಿಂಗಳ ಸಂಬಳ 15,000 ರೂಪಾಯಿ ಎನ್ನಿ. ನಿಮ್ಮ ಕೈಯಿಂದ ಸುಮಾರು 113 ರೂಪಾಯಿ, ಮಾಲೀಕನಿಂದ ಸುಮಾರು 488 ರೂಪಾಯಿ ಪ್ರತಿ ತಿಂಗಳೂ ಹೋಗುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಾಯವಾಗಿದ್ದರೆ, ಅದಕ್ಕೆ ಹೊಂದಿದ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ವರ್ಷಕ್ಕೆ ಗರಿಷ್ಠ 91 ದಿನ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ದಿನಕ್ಕೆ 500 ರೂಪಾಯಿ ಕೂಲಿಯವನು ಐದು ದಿನ ಮಲಗಿದರೆ ಮೂರು ದಿನಕ್ಕೆ 350ರಂತೆ 1,050 ರೂಪಾಯಿ ಬರುತ್ತದೆ.

ಸಂಗಾತಿಗಳೇ, ತಾನೇ ತಿಂಗಳು ತಿಂಗಳೂ ಕಟ್ಟಿದ ಚೀಟಿಯ ಹಣವನ್ನು ಯಾರಾದರೂ ಕೈಮುಗಿದು ಬೇಡುತ್ತಾರೆಯೆ? ಹುಷಾರಿಲ್ಲವೆಂದು ಹೇಳಿ ಕಳಿಸುವುದು ಬೇಡಿಕೆಯಲ್ಲ, ತಿಳಿವಳಿಕೆ. ತಿಳಿವಳಿಕೆ ಕೊಡುವುದಕ್ಕೂ ಒಂದು ಕ್ರಮವಿದೆ. ಹಕ್ಕು ಉಳ್ಳವನು ಕ್ರಮ ತಪ್ಪಬಾರದು.

ಮೊದಲನೆಯದು, ಪಾಳಿ ಶುರುವಾಗುವ ಮುಂಚೆಯೇ ಹೇಳಬೇಕು. ಇದು ಮಾಲೀಕನ ಲಾಭಕ್ಕಲ್ಲ. ನೀವು ಹೇಳದೆ ಉಳಿದರೆ ನಿಮ್ಮ ಮೆಷಿನಿನ ಕೆಲಸ ಪಕ್ಕದವಳ ತಲೆಯ ಮೇಲೆ ಬೀಳುತ್ತದೆ, ಟಾರ್ಗೆಟ್ ಮಾತ್ರ ಇಳಿಯುವುದಿಲ್ಲ. ಹಿಂದೆ ಬಟ್ಟೆ ಗಿರಣಿಗಳ ಗೇಟಿನಲ್ಲಿ ಬದಲಿ ಕಾರ್ಮಿಕರು ಬೆಳಗಿನ ಜಾವದಿಂದ ಕಾಯುತ್ತಿದ್ದರು. ಯಾರು ಬಂದಿಲ್ಲವೆಂದು ತಿಳಿದರೆ ಅವರಿಗೆ ಅಂದಿನ ಅನ್ನ, ತಿಳಿಯದಿದ್ದರೆ ಖಾಲಿ ಬುತ್ತಿ ಹಿಡಿದು ಮನೆಗೆ. ಹೊತ್ತಿಗೆ ಮುಂಚೆ ತಿಳಿಸಿದವನು ಇನ್ನೊಬ್ಬ ಕಾರ್ಮಿಕನಿಗೆ ಉಪಕಾರ ಮಾಡಿದಂತೆ.

ಎರಡನೆಯದು, ಬರಹದಲ್ಲಿರಲಿ. ಫೋನಿನಲ್ಲಿ ಹೇಳಿದರೂ ಹಿಂದೆಯೇ ಎರಡು ಸಾಲು ಕಳಿಸಿ. ಹೆಸರು, ಟೋಕನ್ ಸಂಖ್ಯೆ, ಜ್ವರವಿದೆ, ಇಂದು ಬರಲಾಗದು, ವೈದ್ಯರನ್ನು ಕಂಡು ತಿಳಿಸುತ್ತೇನೆ. ಇಷ್ಟು ಸಾಕು. ಪ್ರಾರ್ಥನೆಯೂ ಬೇಡ, ಒರಟುತನವೂ ಬೇಡ. ರೋಗದ ಪೂರ್ತಿ ವಿವರವನ್ನು ಇಡೀ ಲೈನಿಗೆ ಸಾರುವ ಅಗತ್ಯವೂ ಇಲ್ಲ. ಅದು ನಿಮಗೂ ವೈದ್ಯರಿಗೂ ಸಂಬಂಧಿಸಿದ್ದು. ಕಳಿಸಿದ ಸಂದೇಶವನ್ನು ಅಳಿಸಬೇಡಿ. ನಾಳೆ ಯಾರಾದರೂ "ಹೇಳದೆ ಹೋದ" ಎಂದರೆ ಅದೇ ನಿಮ್ಮ ಸಾಕ್ಷಿ.

ಮೂರನೆಯದು, ಆ ದಿನವೇ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಹೋಗಿ. ಹಣ ಬರುವುದು ವೈದ್ಯರ ಪ್ರಮಾಣಪತ್ರದ ಮೇಲೆ. ಅಂಗಡಿಯಿಂದ ಮಾತ್ರೆ ತಂದು ನುಂಗಿ ನಾಲ್ಕು ದಿನ ಮಲಗಿ, ಐದನೆಯ ದಿನ ಹಿಂದಿನ ತಾರೀಖಿನ ಚೀಟಿ ಕೇಳಿದರೆ ಯಾವ ನೇರ ವೈದ್ಯರೂ ಕೊಡಲಾರರು.

ನಾಲ್ಕನೆಯದು, ಕಾಯಿಲೆ ಮುಂದುವರಿದರೆ ಮತ್ತೆ ತಿಳಿಸಿ. ಇಲ್ಲಿಯೇ ಅನೇಕರು ಕೆಲಸ ಕಳೆದುಕೊಳ್ಳುವುದು. 1946ರ ಕಾಯ್ದೆಯ ಮಾದರಿ ಸ್ಥಾಯಿ ಆದೇಶಗಳಲ್ಲಿ, ರಜೆಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಗೈರುಹಾಜರಾಗುವುದನ್ನು ದುರ್ನಡತೆ ಎಂದು ಬರೆದಿದ್ದರು. ಊರಿಗೆ ಹೋಗಿ ಕಾಮಾಲೆಯಿಂದ ಮಲಗಿದವನು ತಿಂಗಳ ಮೇಲೆ ಬಂದಾಗ ಗೇಟಿನಲ್ಲಿ ಹೆಸರಿರುವುದಿಲ್ಲ. ಆದರೆ 1993ರಲ್ಲಿ ಡಿ. ಕೆ. ಯಾದವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತು ಎಂಬುದನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು. ಗೈರುಹಾಜರಿಯ ಕಾರಣ ಕೊಟ್ಟು, ವಿಚಾರಣೆಯಿಲ್ಲದೆ, ಅವನ ಮಾತು ಕೇಳದೆ ಹೆಸರು ಹೊಡೆದುಹಾಕುವುದು ಸಲ್ಲದು ಎಂದಿತು. ಗೈರುಹಾಜರಿ ಬೇಕೆಂದೇ ಮಾಡಿದ್ದೆಂದು ತೋರಿಸದ ಹೊರತು ದುರ್ನಡತೆಯಾಗದು ಎಂದು 2012ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ತೀರ್ಪಿನಲ್ಲಿ ಹೇಳಿತು.

ಐದನೆಯ ಮಾತು ಕಹಿ. ಹುಷಾರಾಗಿರುವವನು ಕಾಯಿಲೆಯೆಂದು ಹೇಳಬಾರದು. ಮದುವೆಗೆ ಹೋಗಬೇಕಾದರೆ ಮದುವೆಯೆಂದೇ ಹೇಳಿ ಗಳಿಕೆ ರಜೆ ಕೇಳಿ. ಸುಳ್ಳು ಜ್ವರದಿಂದ ಮಾಲೀಕನಿಗೆ ಒಂದು ದಿನದ ನಷ್ಟ. ನಿಜವಾಗಿ ಜ್ವರ ಬಂದ ಸಂಗಾತಿಗೆ ಅದರಿಂದ ನಂಬಿಕೆಯೇ ನಷ್ಟ. ಹಾಗೆಯೇ ರಜೆಯಲ್ಲಿರುವ ದಿನ ಬೇರೆ ಕಡೆ ಕೂಲಿಗೆ ಹೋಗುವುದೂ ತಪ್ಪು. ವಿಮೆಯ ಹಣ ಪಡೆಯುವವನು ಚಿಕಿತ್ಸೆಯಲ್ಲಿರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವ ಕೆಲಸ ಮಾಡಬಾರದು ಎಂದು 1948ರ ಕಾಯ್ದೆಯೇ ಹೇಳಿತ್ತು.

ಕಾರ್ಮಿಕನ ಕ್ರಮ ಆಯಿತು. ಕೇಳಿಸಿಕೊಳ್ಳುವವನಿಗೆ ಕ್ರಮವಿಲ್ಲವೆ? ಹೆಂಗಸೊಬ್ಬಳು ಬೆಳಗ್ಗೆ ಫೋನು ಮಾಡಿ ಜ್ವರವೆಂದರೆ ಮೊದಲು ಬರುವ ಪ್ರಶ್ನೆ, "ಟಾರ್ಗೆಟ್ ಯಾರು ಮುಗಿಸುತ್ತಾರೆ?" ಎಂದು. ಮೊದಲು ಬರಬೇಕಾದ ಪ್ರಶ್ನೆ, "ಈಗ ಹೇಗಿದ್ದೀರಮ್ಮ, ಜೊತೆಗೆ ಯಾರಿದ್ದಾರೆ?" ಎಂದು. ಹಾಜರಿ ಬೋನಸೆಂಬ ಆಸೆ ತೋರಿಸಿ, ಒಂದು ದಿನ ತಪ್ಪಿದರೆ ಪೂರ್ತಿ ಕಿತ್ತುಕೊಳ್ಳುವ ಪದ್ಧತಿ ಎಷ್ಟೋ ಕಡೆ ಇದೆ. ಅದರಿಂದಾಗಿ ಕೆಮ್ಮುತ್ತಲೇ ಜನ ಲೈನಿಗೆ ಬರುತ್ತಾರೆ, ವಾರದಲ್ಲಿ ಇಡೀ ಲೈನು ಕೆಮ್ಮುತ್ತದೆ. ಮಾಲೀಕ ಉಳಿಸಿದ್ದೇನು?

1948ರ ಕಾರ್ಖಾನೆಗಳ ಕಾಯ್ದೆಯ 79ನೆಯ ಕಲಮಿನಲ್ಲಿ ಒಂದು ಒಳ್ಳೆಯ ಮಾತಿತ್ತು. ಗಳಿಕೆ ರಜೆಗೆ ಸಾಮಾನ್ಯವಾಗಿ 15 ದಿನ ಮುಂಚೆ ಅರ್ಜಿ ಹಾಕಬೇಕು, ಆದರೆ ಕಾಯಿಲೆಗಾಗಿ ಕೇಳಿದರೆ ಅರ್ಜಿ ತಡವಾಯಿತೆಂದು ನಿರಾಕರಿಸುವಂತಿಲ್ಲ. ಜ್ವರ ಹೇಳಿ ಕೇಳಿ ಬರುವುದಿಲ್ಲವೆಂಬುದು ಕಾಯ್ದೆ ಬರೆದವರಿಗೂ ಗೊತ್ತಿತ್ತು. ವಿಮಾ ಕಾಯ್ದೆಯ 73ನೆಯ ಕಲಮು, ಕಾಯಿಲೆಯ ಹಣ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ವಜಾ ಮಾಡುವುದನ್ನೂ ಶಿಕ್ಷಿಸುವುದನ್ನೂ ತಡೆದಿತ್ತು. ಈ ಹಳೆಯ ಕಾಯ್ದೆಗಳನ್ನೆಲ್ಲ ಸೇರಿಸಿ ಮಾಡಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕಲಮುಗಳ ಸಂಖ್ಯೆ ಬದಲಾಗಲಿ, ಈ ತತ್ವಗಳು ಬದಲಾಗಬಾರದು. ಹೊಸ ನಿಯಮಗಳನ್ನು ಸಂಘಗಳು ಒಂದೊಂದು ಸಾಲೂ ಬಿಡದೆ ಓದಬೇಕು.

ಗುತ್ತಿಗೆ ಕಾರ್ಮಿಕರ ಪಾಡು ಇನ್ನೂ ಕಷ್ಟ. ಎರಡು ದಿನ ಮಲಗಿದರೆ "ನಾಳೆಯಿಂದ ಬರಬೇಡ" ಎಂಬ ಮಾತು ಬರುತ್ತದೆ. ಅವರಿಗೆ ನಾವು ಹೇಳುವುದಿಷ್ಟು. ಕೆಲಸಕ್ಕೆ ಸೇರಿದ ಕೂಡಲೇ ನಿಮ್ಮ ಇ.ಎಸ್.ಐ. ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಅದು ಮುಖ್ಯ ಮಾಲೀಕನ ಹೊಣೆ. ಕಾಯಿಲೆ ಬಂದ ಮೇಲೆ ಸಂಖ್ಯೆ ಹುಡುಕಿದರೆ ಪ್ರಯೋಜನವಿಲ್ಲ.

ಇದೇ ಹೊಸೂರು ರಸ್ತೆಯಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವವರೂ ಇದ್ದಾರೆ. ಅವರು ಒಂದು ಸಾಲು ಕಳಿಸಿದರೆ ರಜೆ ಸಿಗುತ್ತದೆ, ಸಂಬಳವೂ ಹೋಗುವುದಿಲ್ಲ. ನಮಗೆ ಹೊಟ್ಟೆಕಿಚ್ಚಿಲ್ಲ, ಅದು ಸರಿಯಾದದ್ದೇ. ಆದರೆ "ಮನೆಯಿಂದಲೇ ಸ್ವಲ್ಪ ನೋಡಿಬಿಡಿ" ಎಂದು ಜ್ವರದಲ್ಲಿ ಅವರ ತೊಡೆಯ ಮೇಲೂ ಕೆಲಸ ಇಡುವುದುಂಟು. ಹೊಲಿಗೆ ಮೆಷಿನ್ ಮನೆಗೆ ಬರುವುದಿಲ್ಲವೆಂಬುದೇ ನಮ್ಮ ಪುಣ್ಯ!

ಈಗ ವರ್ತಕ ಬಂಧುಗಳಿಗೆ ಒಂದು ಮಾತು. ನಿಮ್ಮ ಅಂಗಡಿಯಲ್ಲಿ ಒಬ್ಬ ಹುಡುಗನಿದ್ದಾನೆ. 10 ಜನರಿಗಿಂತ ಕಡಿಮೆ ಇರುವ ಅಂಗಡಿಗೆ ವಿಮೆ ಕಡ್ಡಾಯವಲ್ಲ. ಆದರೆ 1961ರ ಕರ್ನಾಟಕ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕಾಯಿಲೆ, ಅಪಘಾತ ಅಥವಾ ಬೇರೆ ಯೋಗ್ಯ ಕಾರಣಕ್ಕೆ ವರ್ಷದಲ್ಲಿ 12 ದಿನದವರೆಗೆ ಸಂಬಳ ಸಹಿತ ರಜೆ ಕೊಡುತ್ತದೆ. ಅವನು ಬಾರದ ದಿನ ನಿಮಗೆ ಕಷ್ಟ, ಬಲ್ಲೆವು. ನಿಮಗೇ ಜ್ವರ ಬಂದ ದಿನ ಬಾಗಿಲು ಮುಚ್ಚಿದರೆ ಬಡ್ಡಿಯವನು ಕಾಯುವುದಿಲ್ಲ, ಅದೂ ಬಲ್ಲೆವು. ಜ್ವರದಲ್ಲೂ ಗಲ್ಲಾದ ಮುಂದೆ ಕೂತು ಪಟ್ಟ ಪಾಡು ನೆನಪಿರುವ ನೀವು, ಆ ಹುಡುಗನನ್ನೂ ಹಾಗೆ ನಿಲ್ಲಿಸಬೇಡಿ.

ಕಾರ್ಮಿಕರ ಮಾತನ್ನು ನಂಬಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ ಎನ್ನುವವರಿದ್ದಾರೆ. 2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ, ದುಡಿಯುವ ಹೆಣ್ಣುಮಕ್ಕಳಿಗೆ ಮುಟ್ಟಿನ ಸಮಯದಲ್ಲಿ ತಿಂಗಳಿಗೆ ಒಂದು ದಿನದ ಸಂಬಳ ಸಹಿತ ರಜೆಯ ಆದೇಶ ಹೊರಡಿಸಿತು. ವೈದ್ಯರ ಚೀಟಿ ಬೇಡ ಎಂದಿತು. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರೂ ಉಂಟು. ಆದರೆ ಅವಳ ಮಾತೇ ಸಾಕು ಎಂದು ಸರ್ಕಾರದ ಕಾಗದ ಒಪ್ಪಿಕೊಂಡಿತಲ್ಲ, ಅದು ದೊಡ್ಡ ಹೆಜ್ಜೆ.

ಬೊಮ್ಮಸಂದ್ರದ ಇ.ಎಸ್.ಐ. ಆಸ್ಪತ್ರೆಗೆ 2024ರ ಅಕ್ಟೋಬರ್ 29ರಂದು ಶಂಕುಸ್ಥಾಪನೆಯಾಯಿತು. ಕಲ್ಲು ಹಾಕಿದ್ದಕ್ಕೆ ಚಪ್ಪಾಳೆ ತಟ್ಟಿದವರು ಹಾಸಿಗೆ ಹಾಕುವವರೆಗೂ ಕೇಳುತ್ತಲೇ ಇರಬೇಕು. ಹಣ ನಮ್ಮದು.

ಸಂಗಾತಿಗಳೇ, ನಾಳೆ ಬೆಳಗ್ಗೆ ನಿಮ್ಮಲ್ಲಿ ಯಾರಿಗಾದರೂ ಮೈ ಕಾದಿದ್ದರೆ, ಕತೆ ಕಟ್ಟಬೇಡಿ, ಕೈಮುಗಿಯಬೇಡಿ. ಪಾಳಿಗೆ ಮುಂಚೆ ಎರಡು ಸಾಲು ಕಳಿಸಿ, ಚಿಕಿತ್ಸಾಲಯಕ್ಕೆ ಹೋಗಿ. ಪಕ್ಕದ ಮೆಷಿನಿನವರು ಸಂಜೆ ಮನೆಗೆ ಹೋಗುವಾಗ ಒಂದು ಗಳಿಗೆ ನಿಂತು, ಗಂಜಿ ಕುಡಿದಿರಾ ಎಂದು ಕೇಳಿ ಹೋಗಲಿ. ಸಂಘ ಕಟ್ಟುವ ಕೆಲಸ ಅಲ್ಲಿಂದಲೂ ಶುರುವಾಗುತ್ತದೆ.