ಮೊಂಮಾರ್ತ್: ಪ್ಯಾರಿಸ್ಸಿನ ಚಿತ್ರಕಾರರ ಗುಡ್ಡ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಇದೇ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಓದಿದವನು. ಆಮೇಲೆ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಪ್ಯಾರಿಸ್ಸಿನಲ್ಲಿದ್ದೆ. 'ವಿದೇಶದ ಅನುಭವ ಹೇಳು' ಎಂದು ಸಮಿತಿಯವರು ಕೇಳಿದ್ದಾರೆ. ಐಫೆಲ್ ಗೋಪುರವನ್ನು ನೀವೆಲ್ಲ ಮೊಬೈಲಿನಲ್ಲೇ ನೋಡಿರುತ್ತೀರಿ. ಅದನ್ನು ಬಿಟ್ಟು ಅಲ್ಲಿಯ ಒಂದು ಗುಡ್ಡದ ವಿಷಯ ಹೇಳುತ್ತೇನೆ. ಅದರ ಹೆಸರು ಮೊಂಮಾರ್ತ್. ನಮ್ಮ ಶಾಲೆಯಲ್ಲಿ ಇವತ್ತು ಚಿತ್ರಕಲಾ ಶಿಕ್ಷಕರಿಲ್ಲ. ಆ ಗುಡ್ಡಕ್ಕೂ ಈ ಖಾಲಿ ಹುದ್ದೆಗೂ ಸಂಬಂಧ ಇದೆ ಎಂದು ನನಗೆ ಅನ್ನಿಸಿದ್ದರಿಂದಲೇ ಈ ವಿಷಯ ಆರಿಸಿಕೊಂಡೆ.

ಪ್ಯಾರಿಸ್ಸಿನ ಉತ್ತರಕ್ಕಿರುವ ಈ ಗುಡ್ಡ ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಎತ್ತರದಲ್ಲಿದೆ. ಮೇಲಿನ ಚರ್ಚಿಗೆ ಹೋಗಲು 222 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಅದು ಲೆಕ್ಕಕ್ಕಿಲ್ಲ. ಹತ್ತಲಾಗದವರಿಗೆ ಹಳಿಯ ಮೇಲೆ ಏರುವ ಸಣ್ಣ ಗಾಡಿ ಇದೆ. ಅದು ಶುರುವಾದದ್ದು 1900ರಲ್ಲಿ.

ಮಕ್ಕಳೇ, ವಿಜ್ಞಾನದ ಪುಸ್ತಕದಲ್ಲಿ 'ಪ್ಲಾಸ್ಟರ್ ಆಫ್ ಪ್ಯಾರಿಸ್' ಎಂದು ಓದುತ್ತೀರಲ್ಲ, ಕೈ ಮುರಿದಾಗ ಹಾಕುವ ಬಿಳಿ ಪಟ್ಟಿಯದು, ಗಣೇಶನ ಮೂರ್ತಿಗೆ ಬೇಡ ಎನ್ನುತ್ತಿರುವುದು, ಅದರ ಹೆಸರು ಬಂದದ್ದು ಈ ಗುಡ್ಡ ಮತ್ತು ಇದರ ಸುತ್ತಮುತ್ತಲಿನ ಗಣಿಗಳಿಂದ. ಇಲ್ಲಿಯ ಜಿಪ್ಸಮ್ ಕಲ್ಲನ್ನು ಅಗೆದು, ಸುಟ್ಟು, ಪುಡಿ ಮಾಡಿ ಮನೆಗಳಿಗೆ ಗಾರೆ ಮಾಡುತ್ತಿದ್ದರು. ಶತಮಾನಗಳ ಕಾಲ ಅಗೆದು ಅಗೆದು ಗುಡ್ಡದ ಹೊಟ್ಟೆಯೇ ಟೊಳ್ಳಾಯಿತು. 1875ರಲ್ಲಿ ಮೇಲೆ ಸಾಕ್ರೆ-ಕರ್ ಎಂಬ ದೊಡ್ಡ ಚರ್ಚ್ ಕಟ್ಟಲು ಹೊರಟಾಗ ಅಡಿಪಾಯ ನಿಲ್ಲುವ ನೆಲವೇ ಇರಲಿಲ್ಲ. ಬಾವಿಗಳಂತೆ 83 ಗುಂಡಿ ತೋಡಿ, ಸುಮಾರು 33 ಮೀಟರ್ ಆಳದಿಂದ ಕಂಬ ಎಬ್ಬಿಸಿ, ಅದರ ಮೇಲೆ ಚರ್ಚ್ ನಿಲ್ಲಿಸಿದರು. ಕೆಲಸ ಮುಗಿದದ್ದು 1914ರಲ್ಲಿ. ಅದಕ್ಕೆ ಬಳಸಿದ ಕಲ್ಲಿನ ಗುಣ ಎಂಥದೆಂದರೆ, ಮಳೆ ಬಿದ್ದಾಗ ಮೈಮೇಲೆ ಸುಣ್ಣದಂಥ ಪದರ ಬಿಟ್ಟು ತಾನೇ ಬೆಳ್ಳಗಾಗುತ್ತದೆ.

ಪ್ರವಾಸಿಗರೆಲ್ಲ ಈ ಚರ್ಚ್ ನೋಡಿ, ಮೆಟ್ಟಿಲ ಮೇಲೆ ಕುಳಿತು ಊರಿನ ಫೋಟೋ ತೆಗೆದು ಇಳಿದುಬಿಡುತ್ತಾರೆ. ಮೊದಲ ಭಾನುವಾರ ನಾನೂ ಹಾಗೇ ನೋಡಿದೆ. ಎರಡನೇ ಭಾನುವಾರ ಹಿಂದಿನ ಓಣಿಗಳಲ್ಲಿ ಸುತ್ತಿದೆ. ಆ ಗುಡ್ಡ ಲೋಕಪ್ರಸಿದ್ಧವಾದದ್ದು ಆ ಓಣಿಗಳಿಂದ.

1860ರವರೆಗೆ ಮೊಂಮಾರ್ತ್ ಪ್ಯಾರಿಸ್ಸಿಗೆ ಸೇರಿರಲಿಲ್ಲ. ಅದೊಂದು ಹಳ್ಳಿ. ಗಾಳಿಗಿರಣಿ, ದ್ರಾಕ್ಷಿ ತೋಟ, ಗಣಿ ಕೆಲಸದವರ ಮನೆ ಇಷ್ಟೇ. ಪಟ್ಟಣದ ಗೋಡೆಯೊಳಗೆ ಹೋಗುವ ಸರಕಿಗೆಲ್ಲ ಸುಂಕ, ಗೋಡೆಯ ಹೊರಗೆ ಸುಂಕವಿಲ್ಲ. ಹಾಗಾಗಿ ಇಲ್ಲಿ ದ್ರಾಕ್ಷಾರಸ ಅಗ್ಗ, ಬಾಡಿಗೆಯೂ ಅಗ್ಗ. ಪಟ್ಟಣಕ್ಕೆ ಸೇರಿದ ಮೇಲೂ ಆ ಹಳ್ಳಿತನ ಬಹಳ ಕಾಲ ಉಳಿಯಿತು. ಕೈಯಲ್ಲಿ ಕಾಸಿಲ್ಲದ ಚಿತ್ರಕಾರರು ಇಲ್ಲಿಗೆ ಬಂದದ್ದಕ್ಕೆ ಇದೇ ದೊಡ್ಡ ಕಾರಣ.

ಆಬೆಸ್ ಎಂಬ ಮೆಟ್ರೋ ನಿಲ್ದಾಣದಲ್ಲಿ ಇಳಿದೆ. ಅದು ನೆಲದಿಂದ 36 ಮೀಟರ್ ಆಳದಲ್ಲಿದೆ, ಪ್ಯಾರಿಸ್ಸಿನ ಮೆಟ್ರೋದ ಅತಿ ಆಳದ ನಿಲ್ದಾಣಗಳಲ್ಲಿ ಒಂದು. ಅಲ್ಲಿಂದ ಸ್ವಲ್ಪ ಏರಿದರೆ ಮರಗಳ ನಡುವೆ ಒಂದು ಸಣ್ಣ ಚೌಕ. ಅಲ್ಲೊಂದು ಕಟ್ಟಡ, ಹೆಸರು ಬಾತೋ-ಲವ್ವಾರ್, ಎಂದರೆ ಬಟ್ಟೆ ಒಗೆಯುವ ದೋಣಿ. ಸೇನ್ ನದಿಯಲ್ಲಿ ಬಟ್ಟೆ ಒಗೆಯುವವರ ದೋಣಿಗಳು ನಿಲ್ಲುತ್ತಿದ್ದವು. ಗಾಳಿ ಬಂದಾಗ ಈ ಮರದ ಕಟ್ಟಡವೂ ಅವುಗಳ ಹಾಗೆ ಕಿರುಗುಟ್ಟುತ್ತಿತ್ತಂತೆ. ಚಳಿಗಾಲದಲ್ಲಿ ಕೊರೆಯುವ ಚಳಿ, ಬೇಸಿಗೆಯಲ್ಲಿ ಬೇಯುವ ಸೆಕೆ, ಇಡೀ ಕಟ್ಟಡಕ್ಕೆ ಒಂದೇ ನಲ್ಲಿ. ಇಂಥ ಜಾಗದಲ್ಲಿ 1904ರಿಂದ 1909ರವರೆಗೆ ಸ್ಪೇನ್ ದೇಶದಿಂದ ಬಂದ ಒಬ್ಬ ಹುಡುಗ ಇದ್ದ. ಹೆಸರು ಪಾಬ್ಲೊ ಪಿಕಾಸೊ. ಇಪ್ಪತ್ತನೆಯ ಶತಮಾನದ ಚಿತ್ರಕಲೆಯ ದಾರಿಯನ್ನೇ ತಿರುಗಿಸಿದ ಒಂದು ಚಿತ್ರವನ್ನು ಆತ 1907ರಲ್ಲಿ ಬರೆದದ್ದು ಇದೇ ಕಟ್ಟಡದಲ್ಲಿ. 1970ರಲ್ಲಿ ಅದು ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. 1978ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದರು, ಅದೂ ಕಲಾವಿದರ ಕೆಲಸದ ಕೋಣೆಗಳಾಗಿಯೇ. ಒಳಗೆ ಬಿಡುವುದಿಲ್ಲ. ಹೊರಗಿನ ಗಾಜಿನ ಕಿಟಕಿಯಲ್ಲಿ ಹಳೆಯ ಫೋಟೋಗಳಿವೆ, ನಿಂತು ನೋಡಬಹುದು.

ಮುಂದೆ ಲೆಪಿಕ್ ರಸ್ತೆ. 54ನೇ ನಂಬರಿನ ಮನೆಯಲ್ಲಿ ವಿನ್ಸೆಂಟ್ ವ್ಯಾನ್ ಗೋ 1886ರಿಂದ ಎರಡು ವರ್ಷ ತಮ್ಮನ ಜೊತೆ ಇದ್ದ. ಖರ್ಚೆಲ್ಲ ತಮ್ಮನದೇ. ಬಾಗಿಲ ಪಕ್ಕ ಒಂದು ಕಲ್ಲಿನ ಫಲಕ ಬಿಟ್ಟರೆ ಅಲ್ಲಿ ಮತ್ತೇನೂ ಇಲ್ಲ. ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ.

ಅದೇ ರಸ್ತೆಯಲ್ಲಿ ಮೇಲೆ ಹೋದರೆ ಹಳೆಯ ಗಾಳಿಗಿರಣಿ. ಹತ್ತಾರು ಇದ್ದವಂತೆ, ಈಗ ಉಳಿದಿರುವುದು ಎರಡು. ಗಿರಣಿಯವರು ಹಿಟ್ಟಿನಿಂದ ಗಾಲೆಟ್ ಎಂಬ ರೊಟ್ಟಿ ಮಾಡಿ ಮಾರುತ್ತಿದ್ದರು. ಬರಬರುತ್ತ ಅಂಗಳವನ್ನೇ ಕುಣಿತದ ಜಾಗ ಮಾಡಿದರು. ವಾರವಿಡೀ ದುಡಿದ ಹೊಲಿಗೆಯ ಹುಡುಗಿಯರು, ಅಂಗಡಿ ಹುಡುಗರು ಭಾನುವಾರ ಇಲ್ಲಿ ಸೇರುತ್ತಿದ್ದರು. ರೆನ್ವಾರ್ ಎಂಬ ಚಿತ್ರಕಾರ 1876ರಲ್ಲಿ ಆ ಭಾನುವಾರದ ಗುಂಪನ್ನೇ ಚಿತ್ರವಾಗಿ ಬರೆದ. ಇವತ್ತು ಅದು ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿದೆ. ಅದನ್ನು ನೋಡಲು ದೇಶ ವಿದೇಶದ ಜನ ಮುಗಿಬೀಳುತ್ತಾರೆ. ಅದರಲ್ಲಿ ರಾಜನಿಲ್ಲ, ದೇವರಿಲ್ಲ. ನಮ್ಮೂರ ಸಂತೆಗೆ ಬರುವಂಥ ಜನ ಇದ್ದಾರೆ.

ರೆನ್ವಾರ್ ಆಗ ಬಾಡಿಗೆಗಿದ್ದ ಕೋರ್ತೊ ರಸ್ತೆಯ 12ನೇ ನಂಬರಿನ ಮನೆ ಈಗ ಮೊಂಮಾರ್ತ್ ಮ್ಯೂಸಿಯಂ. ಅಲ್ಲಿ ಸುಜಾನ್ ವಲದೋನ್ ಎಂಬಾಕೆ ಕೆಲಸ ಮಾಡುತ್ತಿದ್ದ ಕೋಣೆಯನ್ನು ಮೊದಲಿನ ಹಾಗೆಯೇ ಸಜ್ಜುಮಾಡಿ ಇಟ್ಟಿದ್ದಾರೆ. ಈ ಹೆಣ್ಣುಮಗಳ ಕಥೆಯನ್ನು ಇಲ್ಲಿ ಕುಳಿತಿರುವ ಹುಡುಗಿಯರು ವಿಶೇಷವಾಗಿ ಕೇಳಬೇಕು.

ಆಕೆ ಹುಟ್ಟಿದ್ದು 1865ರಲ್ಲಿ. ತಂದೆಯ ಆಸರೆ ಇಲ್ಲ. ತಾಯಿ ಮನೆಗೆಲಸ ಮಾಡಿ, ಬಟ್ಟೆ ಒಗೆದು ಸಾಕಿದಳು. ಮಗಳು ಚಿಕ್ಕ ವಯಸ್ಸಿಗೇ ಕೂಲಿಗೆ ಹೋದಳು. ಹದಿನೈದರ ಸುಮಾರಿಗೆ ಸರ್ಕಸ್ ಸೇರಿದಳು, ಬಿದ್ದು ಪೆಟ್ಟಾದ ಮೇಲೆ ಅದೂ ನಿಂತಿತು. ಹೊಟ್ಟೆಪಾಡಿಗೆ ಚಿತ್ರಕಾರರ ಮುಂದೆ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವ ಮಾಡೆಲ್ ಆದಳು. ರೆನ್ವಾರ್ ಆಕೆಯನ್ನು ನಿಲ್ಲಿಸಿ ಚಿತ್ರ ಬರೆದ. ತುಲೂಸ್-ಲೊತ್ರೆಕ್ ಬರೆದ. ಅವರು ಆಕೆಯನ್ನು ನೋಡಿ ಬರೆಯುತ್ತಿದ್ದರೆ, ಆಕೆ ಅವರ ಕೈ ನೋಡಿ ಕಲಿಯುತ್ತಿದ್ದಳು. ಯಾವ ಕಲಾಶಾಲೆಗೂ ಹೋದವಳಲ್ಲ. ದೆಗಾ ಎಂಬ ಹಿರಿಯ ಚಿತ್ರಕಾರ ಆಕೆಯ ರೇಖಾಚಿತ್ರಗಳನ್ನು ಮೆಚ್ಚಿದ, ಹಣ ಕೊಟ್ಟು ಕೊಂಡ, ಬರೆಯುತ್ತಲೇ ಇರು ಎಂದು ಬೆನ್ನು ತಟ್ಟಿದ. 1894ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಆಕೆಯ ಚಿತ್ರಗಳು ತೂಗಿದವು. ಆಕೆಯ ಮಗ ಮಾರಿಸ್ ಉತ್ರಿಲ್ಲೊ ಕುಡಿತಕ್ಕೆ ಬಿದ್ದಾಗ ಆತನ ಕೈಗೆ ಕುಂಚ ಕೊಟ್ಟವಳೂ ತಾಯಿಯೇ. ಕುಡಿತ ಪೂರ್ತಿ ಬಿಡಲಿಲ್ಲ, ಆದರೆ ಈ ಗುಡ್ಡದ ಓಣಿಗಳನ್ನು ಆತನಷ್ಟು ಬರೆದವರು ಇಲ್ಲ.

ಆ ಕೋಣೆಯಲ್ಲಿ ನಾನು ಬಹಳ ಹೊತ್ತು ನಿಂತೆ. ದೊಡ್ಡ ಕಿಟಕಿ, ಒಂದು ಒಲೆ, ಬಣ್ಣದ ಕೊಳವೆಗಳು. ಪ್ರತಿಭೆ ಆಕೆಯಲ್ಲೇ ಇತ್ತು, ಒಪ್ಪೋಣ. ಆದರೆ ನೋಡಿ ಕಲಿಯುವುದಕ್ಕೆ ಎದುರಿಗೆ ಒಬ್ಬ ಬರೆಯುವವನು ಇರಬೇಕಾಗಿತ್ತು. 'ಬರಿ' ಎನ್ನಲು ಒಬ್ಬ ದೆಗಾ ಬೇಕಾಗಿತ್ತು. ಚಿತ್ರ ಬರೆಯುವವರೇ ಇಲ್ಲದ ಓಣಿಯಲ್ಲಿ ಬೆಳೆದಿದ್ದರೆ ಆಕೆ ತಾಯಿಯ ಹಾಗೆ ಬಟ್ಟೆ ಒಗೆಯುತ್ತಲೇ ಇರುತ್ತಿದ್ದಳೋ ಏನೋ.

ಮ್ಯೂಸಿಯಂ ಹಿಂದುಗಡೆ ಇಳಿಜಾರಿನಲ್ಲಿ ಒಂದು ಪುಟ್ಟ ದ್ರಾಕ್ಷಿ ತೋಟವಿದೆ. ಆ ಜಾಗದಲ್ಲಿ ಕಟ್ಟಡ ಏಳುವುದರಲ್ಲಿತ್ತು. ಪುಲ್ಬೊ ಎಂಬ ಚಿತ್ರಕಾರ ಮತ್ತು ಅಲ್ಲಿಯ ನಿವಾಸಿಗಳು ಸೇರಿ ತಡೆದರು. 1933ರಲ್ಲಿ ಬಳ್ಳಿ ನೆಟ್ಟರು. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ದ್ರಾಕ್ಷಿಗೆ ಹೇಳಿಸಿದ ಜಾಗವೇ ಅಲ್ಲ. ಆದರೂ ನೆಟ್ಟರು, ಏಕೆಂದರೆ ಅವರಿಗೆ ಉಳಿಸಿಕೊಳ್ಳಬೇಕಾಗಿದ್ದುದು ನೆಲ. ಈಗಲೂ ಪ್ರತಿ ಅಕ್ಟೋಬರಿನಲ್ಲಿ ಸುಗ್ಗಿಯ ಹಬ್ಬ ಮಾಡುತ್ತಾರೆ. ಮಾರಿ ಬಂದ ಹಣ ಸಮಾಜಸೇವೆಗೆ ಹೋಗುತ್ತದೆ.

ತೋಟದ ಎದುರಿಗೇ ಲಾಪ್ಯಾನ್ ಅಜಿಲ್ ಎಂಬ ಗುಲಾಬಿ ಬಣ್ಣದ ಹಳೆಯ ಹೋಟೆಲು. ಬಡ ಕಲಾವಿದರು ಸಂಜೆ ಸೇರಿ ಹಾಡುತ್ತಿದ್ದ ಜಾಗ. ಅದನ್ನೂ ಕೆಡವಬೇಕೆಂದಿದ್ದಾಗ ಆರಿಸ್ತೀದ್ ಬ್ರುಯಾಂ ಎಂಬ ಗಾಯಕ ತನ್ನ ದುಡ್ಡು ಹಾಕಿ ಕೊಂಡು ಉಳಿಸಿದ. ಪಿಕಾಸೊ 1905ರಲ್ಲಿ ಈ ಹೋಟೆಲಿಗೆಂದು ಒಂದು ಚಿತ್ರ ಬರೆದುಕೊಟ್ಟಿದ್ದ. ಎಷ್ಟೋ ವರ್ಷ ಗೋಡೆಯ ಮೇಲೆ ತೂಗಿದ್ದ ಆ ಚಿತ್ರ 1989ರ ಹರಾಜಿನಲ್ಲಿ ನಾಲ್ಕು ಕೋಟಿ ಡಾಲರಿಗೂ ಮೇಲೆ ಹೋಯಿತು.

ಕೊನೆಗೆ ತೆರ್ತ್ರ್ ಚೌಕ. ಹಳೆಯ ಹಳ್ಳಿಯ ನಡುಬಯಲು. ಇಲ್ಲಿ ಕುಳಿತು ಚಿತ್ರ ಬರೆಯಲು ನಗರಸಭೆಯ ಪರವಾನಗಿ ಬೇಕು. ಒಬ್ಬೊಬ್ಬರಿಗೆ ಸಿಗುವುದು ಸುಮಾರು ಒಂದು ಚದರ ಮೀಟರ್, ಅದನ್ನೂ ಇಬ್ಬರು ಸರದಿಯಲ್ಲಿ ಹಂಚಿಕೊಳ್ಳುತ್ತಾರೆ. ಸುತ್ತ ಹೋಟೆಲಿನ ಮೇಜುಗಳು, ಪ್ರವಾಸಿಗರ ನೂಕುನುಗ್ಗಲು. ಹೆಸರು ಬಂದ ಮೇಲೆ ಗುಡ್ಡದ ಬಾಡಿಗೆ ಏರಿತು. ಇವತ್ತು ಇಪ್ಪತ್ತರ ವಯಸ್ಸಿನ, ಜೇಬು ಖಾಲಿಯಿರುವ ಒಬ್ಬ ಪಿಕಾಸೊ ಬಂದರೆ ಆತನಿಗೆ ಅಲ್ಲಿ ಒಂದು ಕೋಣೆ ಸಿಗುವುದು ಕಷ್ಟ. ಫಲಕ, ಪ್ರತಿಮೆ, ಮ್ಯೂಸಿಯಂ ಎಲ್ಲ ಇವೆ. ಅಗ್ಗದ ಕೋಣೆ ಇಲ್ಲ. ಇದು ನನಗೆ ಬೇಸರ ತಂದ ಸಂಗತಿ. ಹೆಸರನ್ನು ಉಳಿಸಿಕೊಳ್ಳುವುದು ಬೇರೆ, ಹೆಸರು ಬರುವುದಕ್ಕೆ ಕಾರಣವಾದದ್ದನ್ನು ಉಳಿಸಿಕೊಳ್ಳುವುದು ಬೇರೆ.

ಈಗ ನಮ್ಮ ಶಾಲೆಯ ಮಾತಿಗೆ ಬರುತ್ತೇನೆ.

ಹೆಂಚಿನ ಕಟ್ಟಡದ ಕೊನೆಯ ಕೋಣೆ ನಮ್ಮ ಕಾಲದಲ್ಲಿ ಡ್ರಾಯಿಂಗ್ ಕೋಣೆ. ವಾರಕ್ಕೆ ಎರಡು ಪಿರಿಯಡ್. ನಮ್ಮ ಡ್ರಾಯಿಂಗ್ ಮೇಷ್ಟ್ರು ಮಡಕೆ, ಬಾಳೆಗೊನೆ, ಸೈಕಲ್ ತಂದಿಟ್ಟು ಬರೆಸುತ್ತಿದ್ದರು. 'ಕಣ್ಣು ಕಂಡದ್ದನ್ನು ಬರೀರೋ, ನೀವು ಅಂದುಕೊಂಡದ್ದನ್ನಲ್ಲ' ಎನ್ನುತ್ತಿದ್ದರು. ಲೋಯರ್, ಹೈಯರ್ ಪರೀಕ್ಷೆಗೆ ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಒಬ್ಬ ಇವತ್ತು ಗಣೇಶ ಮಾಡುತ್ತಾನೆ, ಇಬ್ಬರು ಫ್ಲೆಕ್ಸ್ ಅಂಗಡಿ ಇಟ್ಟಿದ್ದಾರೆ, ಒಬ್ಬಳು ಸೀರೆಗೆ ಡಿಸೈನ್ ಹಾಕುತ್ತಾಳೆ. ನನ್ನ ವಿಷಯ ಹೇಳುವುದಾದರೆ, ಬಿ.ಇ. ಮೊದಲ ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಎಂದರೆ ಪೇಟೆಯ ಹುಡುಗರೂ ಹೆದರುತ್ತಿದ್ದರು. ಒಂದು ವಸ್ತುವನ್ನು ಮೇಲಿಂದ, ಎದುರಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ನಾನು ಕಲಿತದ್ದು ಆ ಹೆಂಚಿನ ಕೋಣೆಯಲ್ಲಿ.

ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಿಲ್ಲ. ಕೋಣೆಯಲ್ಲಿ ಮುರಿದ ಬೆಂಚು ತುಂಬಿದೆ.

ಕಾಟಿಂಗೇರಿ ಎಂಬ ಉಡುಪಿ ಸೀಮೆಯ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಪ್ಯಾರಿಸ್ಸಿನ ಜೂಲಿಯಾನ್ ಕಲಾಶಾಲೆಯವರೆಗೆ ಹೋಗಿ ಕಲಿತು ಬಂದವರು. ಹಳ್ಳಿಯಿಂದ ಅಲ್ಲಿಗೆ ದಾರಿ ಇದೆ. ಆ ದಾರಿಯ ಮೊದಲ ಮೆಟ್ಟಿಲು ಇಂಥ ಶಾಲೆಯ ಡ್ರಾಯಿಂಗ್ ಕೋಣೆ. ಎಲ್ಲರೂ ಹೆಬ್ಬಾರರಾಗಬೇಕಿಲ್ಲ. ಒಂದು ಮಗುವಿನ ಕೈಯಲ್ಲಿ ಗುಣ ಇದೆ ಎಂದು ಗುರುತಿಸಿ ಹೇಳಲು ಒಬ್ಬರು ಇರಬೇಕು.

ಸುವರ್ಣ ಮಹೋತ್ಸವದ ನೆನಪಿಗೆ ಕಲ್ಲಿನ ಮಹಾದ್ವಾರ ಕಟ್ಟಿಸಬೇಕೆಂದು ಸಮಿತಿಯ ಹಿರಿಯರು ಯೋಚಿಸಿದ್ದಾರೆ. ಬೇಡ ಎನ್ನುವಷ್ಟು ದೊಡ್ಡವನು ನಾನಲ್ಲ. ನನ್ನ ಕೋರಿಕೆ ಇಷ್ಟೇ: ದ್ವಾರ ಒಂದು ವರ್ಷ ತಡವಾದರೂ ಆಗಲಿ, ಆ ಕೋಣೆಯನ್ನು ಮೊದಲು ತೆರವು ಮಾಡಿ ಸುಣ್ಣ ಹೊಡೆಸೋಣ. ಹುದ್ದೆ ತುಂಬಲು ಊರಿನವರು, ಎಸ್‌ಡಿಎಂಸಿಯವರು ಸೇರಿ ಮನವಿ ಕೊಡೋಣ. ಹುದ್ದೆ ತುಂಬುವವರೆಗೆ, ಚಿತ್ರಕಲೆ ಓದಿದ ಒಬ್ಬರನ್ನು ವಾರಕ್ಕೆ ಎರಡು ದಿನ ಕರೆಸೋಣ. ಅವರ ಮೊದಲ ವರ್ಷದ ಗೌರವಧನದಲ್ಲಿ ಅರ್ಧ ನಾನು ಕೊಡುತ್ತೇನೆ, ಉಳಿದರ್ಧಕ್ಕೆ ಹಳೆಯ ವಿದ್ಯಾರ್ಥಿಗಳು ಕೈ ಸೇರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಗಣೇಶ ಮಾಡುವ ಗೆಳೆಯ, ಫ್ಲೆಕ್ಸ್ ಅಂಗಡಿಯ ಗೆಳೆಯರು ತಿಂಗಳಿಗೊಮ್ಮೆ ಬಂದು ಮಕ್ಕಳೆದುರು ಕುಳಿತು ಕೆಲಸ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ಸುಜಾನ್ ಕಲಿತದ್ದು ಹಾಗೇ ಅಲ್ಲವೇ?

ಕೆಳಗೆ ಎರಡನೇ ಸಾಲಿನಲ್ಲಿ ಕುಳಿತಿರುವ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ನನ್ನ ನಮಸ್ಕಾರಗಳು.