ತಾಯಿ ಗಿಡದ ಆಯ್ಕೆ: ನಂಜನಗೂಡು ರಸಬಾಳೆಯ ಉಳಿವಿನ ಪ್ರಶ್ನೆ



ಗಿಡ ಬೆಳೆಸುವುದು ಒಂದು ಕೆಲಸ. ಬೆಳೆದ ಗಿಡಗಳಲ್ಲಿ ಮುಂದಿನ ಪೀಳಿಗೆಗೆ ತಾಯಿಯಾಗತಕ್ಕದ್ದು ಯಾವುದು ಎಂದು ತೀರ್ಮಾನಿಸುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ನಮ್ಮಲ್ಲಿ ಸಾಲ, ಸಹಾಯಧನ, ತರಬೇತಿ ಎಲ್ಲವೂ ಉಂಟು. ಎರಡನೆಯದನ್ನು ರೈತ ತಲೆತಲಾಂತರದಿಂದ ತನ್ನ ಪಾಡಿಗೆ ತಾನು ಮಾಡಿಕೊಂಡು ಬಂದ. ಈಚಿನ ದಶಕಗಳಲ್ಲಿ ಅದನ್ನು ನರ್ಸರಿಗೂ ಬೀಜದ ಅಂಗಡಿಗೂ ಒಪ್ಪಿಸಿ ನಾವು ಸುಮ್ಮನಾಗಿದ್ದೇವೆ. ಇದರ ಬೆಲೆ ಏನೆಂದು ತಿಳಿಯಬೇಕಾದರೆ ನಂಜನಗೂಡು ರಸಬಾಳೆಯನ್ನು ನೋಡಬೇಕು. ದೇವರಸನಹಳ್ಳಿಯ ಸುತ್ತಮುತ್ತ ಕಪಿಲೆಯ ನೀರಿನಲ್ಲಿ, ಕಪ್ಪು ಜೇಡಿಮಣ್ಣಿನಲ್ಲಿ ಬೆಳೆದು ಊರಿಗೆ ಹೆಸರು ತಂದ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ಸುಮಾರು ಎರಡು ದಶಕವಾಯಿತು. ಹೆಸರಿಗೆ ಕಾನೂನಿನ ರಕ್ಷಣೆ ಬಂತು, ತೋಟ ಮಾತ್ರ ಕುಗ್ಗುತ್ತಲೇ ಹೋಯಿತು. ರಸಬಾಳೆ ಉಳಿಯಬೇಕಾದರೆ, ಮಣ್ಣಿನಿಂದ ಬಂದು ಬಾಳೆಯನ್ನು ಕೊಲ್ಲುವ ಸೊರಗು ರೋಗ ಹೊಕ್ಕ ತೋಟಗಳಲ್ಲೇ, ಬೆಳೆಗಾರರ ಕಣ್ಣೆದುರಿನಲ್ಲೇ, ಹಲವು ಬೆಳೆಗಳ ಕಾಲ ತಾಯಿ ಗಿಡಗಳ ಆಯ್ಕೆ ನಡೆಯಬೇಕು ಎಂಬುದು ನನ್ನ ವಾದ. ಹಣ್ಣಿಗೆ ಒಳ್ಳೆಯ ಬೆಲೆ, ಪೆಟ್ಟಿಗೆಯ ಮೇಲೆ ಮುದ್ರೆ, ಪ್ರಯೋಗಾಲಯದ ಶುಚಿಯಾದ ಸಸಿ ಇವೆಲ್ಲ ಬೇಕು. ಆದರೆ ಇವು ಯಾವುವೂ ಆಯ್ಕೆಯ ಜಾಗವನ್ನು ತುಂಬಲಾರವು.

ಆಯ್ಕೆ ಎಂಬ ಈ ಸಾದಾ ಕೆಲಸಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಮೈಸೂರು ಸೀಮೆಯಲ್ಲೇ ಸಾಕ್ಷಿಯಿದೆ. 1913ರಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ರಾಗಿ ಸುಧಾರಣೆ ಶುರುವಾದಾಗ ಮಾಡಿದ್ದು ಇಷ್ಟೇ: ರೈತರ ಹೊಲದ ಬೆರಕೆ ರಾಗಿಯಿಂದ ಒಳ್ಳೆಯ ತೆನೆಗಳನ್ನು ಒಂದೊಂದಾಗಿ ಆರಿಸುವುದು, ಒಂದೊಂದರ ಕಾಳನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತುವುದು, ಸಾಲುಗಳನ್ನು ಹೋಲಿಸಿ ನೋಡುವುದು. 1918ರಲ್ಲಿ ಬಂದ ಎಚ್-22 ತಳಿ ಆ ಪ್ರಯತ್ನದ ಫಲ. ಮುಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅಲ್ಲಿಯೂ ಸಂಕರ ಮಾಡಿದ್ದು ಆರಂಭ ಮಾತ್ರ, ಆಮೇಲಿನ ಪೀಳಿಗೆಗಳಲ್ಲಿ ಸಾವಿರಾರು ಗಿಡಗಳನ್ನು ತಿರಸ್ಕರಿಸಿ ಕೆಲವನ್ನು ಉಳಿಸಿಕೊಂಡದ್ದೇ ನಿಜವಾದ ದುಡಿಮೆ. ಈ ಕೆಲಸಕ್ಕೆ ಪದವಿಯೇ ಬೇಕೆಂದಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಣ್ಣ ರೈತ ದಾದಾಜಿ ಖೋಬ್ರಾಗಡೆ 1983ರಲ್ಲಿ ತಮ್ಮ ಭತ್ತದ ಗದ್ದೆಯಲ್ಲಿ ಬೇರೆ ಥರದ ತೆನೆಗಳನ್ನು ಗುರುತಿಸಿ, ಕಾಳು ತೆಗೆದಿಟ್ಟು, ವರ್ಷ ವರ್ಷವೂ ಬಿತ್ತಿ ಶುದ್ಧ ಮಾಡಿದ್ದರಿಂದ ಎಚ್‌ಎಂಟಿ ಅಕ್ಕಿ ಹುಟ್ಟಿತು. ತಿ. ನರಸೀಪುರದ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವವರಿಗೆ ಈ ಕೌಶಲ ಹೊಸದೇನೂ ಆಗಿರಲಿಲ್ಲ. ಬಿತ್ತನೆಗೆಂದು ಗದ್ದೆಯ ನಡುವಿನ ಒಳ್ಳೆಯ ತೆನೆ ಎತ್ತಿಡುವುದು, ತೆನೆ ಬರುವ ಹೊತ್ತಿಗೆ ಬೆರಕೆ ಪೈರನ್ನು ಕಿತ್ತು ಬದುವಿಗೆ ಹಾಕುವುದು, ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆಯುವುದು, ಇವೆಲ್ಲ ಆಯ್ಕೆಯ ಮೆಟ್ಟಿಲುಗಳೇ.

ಭತ್ತ, ರಾಗಿಯ ಮಾತು ಬಾಳೆಗೆ ಹೇಗೆ ಹೊಂದುತ್ತದೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇದು ನನ್ನ ವಾದಕ್ಕೆ ಎದುರಾಗುವ ಅತಿ ಗಟ್ಟಿಯಾದ ಆಕ್ಷೇಪ, ಆದ್ದರಿಂದ ಇದರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ರಸಬಾಳೆಗೆ ಬೀಜವಿಲ್ಲ. ಎರಡು ಕಾಡುಬಾಳೆ ಜಾತಿಗಳ ಬೆರಕೆಯಿಂದ ಬಂದ ಇದರ ಜೀವಕೋಶದಲ್ಲಿ ವರ್ಣತಂತುಗಳು ಮೂರು ಪಟ್ಟು, ಒಟ್ಟು 33 ಇವೆ. ಹಾಗಾಗಿ ಬೀಜ ಕಟ್ಟುವ ಶಕ್ತಿ ಇಲ್ಲವೆಂದೇ ಹೇಳಬೇಕು. ಕಂದಿನಿಂದ ಕಂದು, ಗೆಡ್ಡೆಯಿಂದ ಗೆಡ್ಡೆ ಎಂದು ಸಾಗಿಬಂದ ತೋಟದಲ್ಲಿ ಎಲ್ಲ ಗಿಡಗಳೂ ಒಂದೇ ಗಿಡದ ತುಂಡುಗಳು. ಡೆನ್ಮಾರ್ಕಿನ ವಿಲ್‌ಹೆಲ್ಮ್ ಯೋಹಾನ್ಸನ್ 1903ರಲ್ಲೇ ಹುರುಳಿಕಾಯಿಯ ಬೀಜಗಳ ಮೇಲೆ ಪ್ರಯೋಗ ಮಾಡಿ, ಒಂದೇ ಶುದ್ಧ ಸಾಲಿನೊಳಗೆ ದಪ್ಪ ಬೀಜವನ್ನೇ ಆರಿಸುತ್ತ ಹೋದರೂ ಸಂತತಿ ದಪ್ಪವಾಗುವುದಿಲ್ಲ ಎಂದು ತೋರಿಸಿದ್ದರು. ಅಲ್ಲಿ ಕಾಣುವ ವ್ಯತ್ಯಾಸ ಗೊಬ್ಬರದ್ದು, ನೀರಿನದ್ದು, ಬಿಸಿಲಿನದ್ದು. ಅದು ವಂಶಕ್ಕೆ ಇಳಿಯುವುದಿಲ್ಲ. ಹಾಗಾದರೆ ರಸಬಾಳೆಯ ತೋಟದಲ್ಲಿ ಆರಿಸಲು ಏನು ಉಳಿದಿದೆ? ಯೋಹಾನ್ಸನ್ ಹೇಳಿದ್ದು ಸರಿ. ದೊಡ್ಡ ಗೊನೆ ಬಿಟ್ಟಿತೆಂದು ತಿಪ್ಪೆಯ ಪಕ್ಕದ ಗಿಡದ ಕಂದನ್ನು ಒಯ್ದು ನೆಟ್ಟವನಿಗೆ ಅದೇ ಗೊನೆ ಮತ್ತೆ ಸಿಗಲಾರದು. ಆದರೆ ಆ ಸಿದ್ಧಾಂತಕ್ಕೆ ಒಂದು ಎಲ್ಲೆಯೂ ಇದೆ. ಕೋಶ ಒಡೆಯುವಾಗ ಅಪರೂಪಕ್ಕೆ ಒಂದು ಮಾರ್ಪಾಟು ಆಗುತ್ತದೆ. ಅದು ಸುಳಿಯಲ್ಲೇ ಆದರೆ ಇಡೀ ಗಿಡ, ಅದರ ಕಂದುಗಳು ಬೇರೆ ಗುಣದವಾಗುತ್ತವೆ. ಲೋಕದಲ್ಲಿ ಇಂದು ಇರುವ ನೂರಾರು ಬಾಳೆ ತಳಿಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಹೀಗೆ. ಎತ್ತರದ ಗಿಡದಲ್ಲಿ ಕುಳ್ಳು, ಕೆಂಪು ಸಿಪ್ಪೆಯಲ್ಲಿ ಹಸಿರು, ಹೀಗೆ ಹುಟ್ಟಿದ ಗಿಡ ಯಾರದೋ ಕಣ್ಣಿಗೆ ಬಿದ್ದು ಅದರ ಕಂದು ಬೇರೆಯಾಗಿ ಉಳಿಯಿತು.

ಈ ಮಾರ್ಪಾಟನ್ನು ಹುಡುಕಿ ಹಿಡಿಯುವುದು ಆಗುವ ಕೆಲಸವೇ ಎಂಬುದಕ್ಕೆ ತೈವಾನಿನ ಉದಾಹರಣೆಗಿಂತ ಹೆಚ್ಚಿನದು ಬೇಡ. ಅಲ್ಲಿ ಕ್ಯಾವೆಂಡಿಶ್ ಬಾಳೆಗೆ ಸೊರಗು ರೋಗ ಕಾಣಿಸಿಕೊಂಡದ್ದು 1967ರಲ್ಲಿ. ಔಷಧದಿಂದ ಹತೋಟಿ ಸಾಧ್ಯವಾಗಲಿಲ್ಲ. ಪಿಂಗ್‌ಟುಂಗ್‌ನ ಬಾಳೆ ಸಂಶೋಧನಾ ಸಂಸ್ಥೆಯವರು ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಸಸಿಗಳನ್ನು ರೋಗ ತುಂಬಿದ ಹೊಲದಲ್ಲೇ ನೆಟ್ಟರು. ಅಂಗಾಂಶ ಕೃಷಿಯಲ್ಲಿ ಮಾರ್ಪಾಟು ಹೆಚ್ಚು, ಸಾಮಾನ್ಯವಾಗಿ ಅದು ದೋಷ, ಇವರು ಅದನ್ನೇ ಬಳಸಿಕೊಂಡರು. ಬಹುಪಾಲು ಸತ್ತವು. ಉಳಿದವುಗಳ ಕಂದನ್ನು ತೆಗೆದು ಮತ್ತೆ ಅದೇ ರೋಗದ ಮಣ್ಣಿನಲ್ಲಿ ಪರೀಕ್ಷಿಸಿದರು. ಮೊದಲು ಸಿಕ್ಕ ಗಿಡಗಳಲ್ಲಿ ರೋಗ ತಡೆಯುವ ಗುಣವಿದ್ದರೂ ಬೆಳೆಯ ಗುಣ ಹಿಂದಾಗಿತ್ತು. ಆದ್ದರಿಂದ ಅವುಗಳೊಳಗೇ ಮತ್ತೆ ಆರಿಸಿದರು. ಫಾರ್ಮೊಸಾನಾ ಎಂದು ಹೆಸರಾದ ತಳಿ ಈ ದಾರಿಯಲ್ಲಿ ಬಂತು. ಬೀಜವೇ ಇಲ್ಲದ, ಸಂಕರವೇ ಆಗದ ಬಾಳೆಯಲ್ಲಿ ಆಯ್ಕೆಯೊಂದರಿಂದಲೇ ರೋಗಕ್ಕೆ ತಕ್ಕಮಟ್ಟಿನ ಉತ್ತರ ಸಿಕ್ಕಿತು. ರಸಬಾಳೆಯ ವಿಷಯದಲ್ಲಿ ಇಷ್ಟೇ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ಹುಡುಕದೆ ಸಿಗುವುದಿಲ್ಲ ಎಂಬುದು ಖಚಿತ.

ರೋಗದ ಸ್ವಭಾವ ತಿಳಿದರೆ ಆಯ್ಕೆ ರೋಗದ ತೋಟದಲ್ಲೇ ಏಕೆ ನಡೆಯಬೇಕು ಎಂಬುದು ಸ್ಪಷ್ಟವಾಗುತ್ತದೆ. ಪನಾಮ ಸೊರಗು ರೋಗವನ್ನು ತರುವ ಶಿಲೀಂಧ್ರ ಮಣ್ಣಿನಿಂದ ಬೇರಿಗೆ, ಬೇರಿನಿಂದ ಗೆಡ್ಡೆಯ ನೀರುನಾಳಗಳಿಗೆ ಹೊಕ್ಕು ಅವನ್ನು ಕಟ್ಟಿಹಾಕುತ್ತದೆ. ಮೊದಲು ಕೆಳಗಿನ ಹಳೆಯ ಎಲೆಯ ಅಂಚು ಹಳದಿಯಾಗುತ್ತದೆ, ಹಳದಿ ನಡುನರದ ಕಡೆ ಸರಿಯುತ್ತದೆ, ತೊಟ್ಟು ಮುರಿದು ಎಲೆ ದಿಂಡಿಗೆ ಜೋತುಬೀಳುತ್ತದೆ. ಬುಡದ ಕಡೆ ದಿಂಡು ಉದ್ದಕ್ಕೆ ಸೀಳುತ್ತದೆ. ಗೆಡ್ಡೆಯನ್ನು ಅಡ್ಡ ಕೊಯ್ದು ನೋಡಿದರೆ ಬೆಳ್ಳಗಿರಬೇಕಾದ ಒಳಭಾಗದಲ್ಲಿ ಕೆಂಗಂದು ಚುಕ್ಕಿಗಳು ಉಂಗುರದಂತೆ ಕಾಣುತ್ತವೆ. ಆದರೆ ಇದೆಲ್ಲ ತೋರುವ ಮುಂಚೆಯೇ ಗೆಡ್ಡೆಯೊಳಗೆ ರೋಗ ಕುಳಿತಿರುತ್ತದೆ. ಅನುಭವಿ ಬೆಳೆಗಾರ ಅಗಲ ಎಲೆಯ ನೀರು ಕಂದನ್ನು ಬಿಟ್ಟು, ಕಿರಿದಾದ ಎಲೆಯ, ದಪ್ಪ ಬುಡದ ಕತ್ತಿ ಕಂದನ್ನೇ ಆರಿಸುತ್ತಾನೆ. ಶಕ್ತಿಯ ದೃಷ್ಟಿಯಿಂದ ಅದು ಸರಿಯಾದ ಆಯ್ಕೆ. ರೋಗದ ದೃಷ್ಟಿಯಿಂದ ಕಂದಿನ ಹೊರನೋಟ ಏನನ್ನೂ ಹೇಳುವುದಿಲ್ಲ. ಕಣ್ಣಿಗೆ ಪುಷ್ಟಿಯಾಗಿ ಕಂಡ ಕಂದಿನೊಂದಿಗೇ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ, ಗುದ್ದಲಿಗೆ ಮೆತ್ತಿದ ಮಣ್ಣಿನಲ್ಲಿ, ಹರಿಯುವ ನೀರಿನಲ್ಲಿ ಹೋಗುತ್ತದೆ, ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ರೋಗವಿಲ್ಲದ ತೋಟದಲ್ಲಿ ಚೆನ್ನಾಗಿ ನಿಂತ ಗಿಡದ ಬಗ್ಗೆ ನಮಗೆ ಏನೂ ಗೊತ್ತಾಗುವುದಿಲ್ಲ. ರೋಗದ ತೋಟದಲ್ಲಿ ಸುತ್ತಲಿನವು ಬಿದ್ದಾಗಲೂ ಗೊನೆ ಬಿಟ್ಟ ಗಿಡದ ಬಗ್ಗೆ ಮಾತ್ರ ಒಂದು ಪ್ರಶ್ನೆ ಕೇಳಬಹುದು: ಇದು ತಡೆದುಕೊಂಡಿತೋ, ಅಥವಾ ಇದರ ಬೇರಿಗೆ ರೋಗ ತಗುಲಲೇ ಇಲ್ಲವೋ? ಒಂದು ಬೆಳೆಯಲ್ಲಿ ಇದಕ್ಕೆ ಉತ್ತರ ಸಿಗದು. ಅದರ ಕಂದುಗಳನ್ನು ಅದೇ ಮಣ್ಣಿನಲ್ಲಿ ಎರಡನೆಯ, ಮೂರನೆಯ ಬೆಳೆಗೂ ನೆಟ್ಟು, ಪಕ್ಕದಲ್ಲಿ ಸಾಧಾರಣ ರಸಬಾಳೆಯನ್ನೂ ನೆಟ್ಟು ಹೋಲಿಸಬೇಕು. ರಸಬಾಳೆಯ ಒಂದು ಬೆಳೆಗೆ ವರ್ಷಕ್ಕೂ ಮಿಕ್ಕ ಕಾಲ ಬೇಕು. ಆದ್ದರಿಂದ ಇದು ನಾಲ್ಕೈದು ವರ್ಷದ ಕೆಲಸ, ಒಂದು ಯೋಜನೆಯ ಅವಧಿಯಲ್ಲಿ ಮುಗಿಯುವಂಥದ್ದಲ್ಲ.

ಇನ್ನು ಯಾವ ಗುಣಕ್ಕಾಗಿ ಆರಿಸುವುದು ಎಂಬ ಪ್ರಶ್ನೆ. ರೋಗ ತಡೆಯುವುದೊಂದೇ ಗುರಿಯಾದರೆ ಕೊನೆಗೆ ಉಳಿಯುವುದು ರಸಬಾಳೆಯ ಹೆಸರು ಹೊತ್ತ ಬೇರೊಂದು ಹಣ್ಣು. ಗೊನೆಯ ತೂಕವೊಂದೇ ಗುರಿಯಾದರೂ ಅಷ್ಟೆ. ತೆಳುಸಿಪ್ಪೆ, ನಯವಾದ ತಿರುಳು, ಸಿಹಿಯೊಂದಿಗೆ ಸ್ವಲ್ಪ ಹುಳಿ, ಹಣ್ಣಾದಾಗಿನ ಪರಿಮಳ ಇವು ಬಿಟ್ಟುಕೊಡಬಾರದ ಗುಣಗಳು. ಕೆಲವು ದೋಷಗಳನ್ನು ಕಳೆಯಬೇಕು. ಹಣ್ಣಾದ ಮೇಲೆ ಚಿಪ್ಪಿನಿಂದ ಕಳಚಿ ಉದುರುವುದು, ಸಿಪ್ಪೆ ಬಿರಿಯುವುದು, ತಿರುಳಿನಲ್ಲಿ ಅಲ್ಲಲ್ಲಿ ಗಟ್ಟಿ ಗಂಟು ಉಳಿಯುವುದು ಈ ಗುಂಪಿನ ಬಾಳೆಗೆ ಅಂಟಿದ ದೂರುಗಳು. ಈ ತೀರ್ಮಾನವನ್ನು ತಕ್ಕಡಿಯಿಂದ ಮಾಡಲಾಗದು. ತಿಂದು, ಮೂಸಿ, ನಾಲ್ಕು ದಿನ ಇಟ್ಟು ನೋಡಿ ಹೇಳಬಲ್ಲವರು ಹಳೆಯ ಬೆಳೆಗಾರರು, ಅವರ ಮನೆಯ ಹೆಂಗಸರು, ಹಣ್ಣಿನ ಮಂಡಿಯವರು. ಆಯ್ಕೆಯ ಸಮಿತಿಯಲ್ಲಿ ಅವರು ಕೂರಬೇಕು ಎಂದು ನಾನು ಹೇಳುವುದು ಸೌಜನ್ಯಕ್ಕಲ್ಲ, ಆ ಜ್ಞಾನ ಬೇರೆಲ್ಲೂ ಇಲ್ಲ ಎಂಬ ಕಾರಣಕ್ಕೆ.

ಅಂಗಾಂಶ ಕೃಷಿಯ ಸಸಿ ಕೊಡುತ್ತಿರುವಾಗ ಈ ಪಾಡೇಕೆ ಎಂದು ಕೇಳುವವರಿದ್ದಾರೆ. ಆ ಸಸಿ ರೋಗಮುಕ್ತ, ಒಪ್ಪಿದೆ, ರೋಗನಿರೋಧಕವೇನೂ ಅಲ್ಲ. ರೋಗದ ಮಣ್ಣಿಗೆ ಇಳಿದ ಮೇಲೆ ಅದರ ಗತಿ ಕಂದಿನ ಗತಿಗಿಂತ ಬೇರೆಯಾಗದು. ಮೇಲಾಗಿ ಒಂದು ತಾಯಿ ಗಿಡದಿಂದ ಸಾವಿರಾರು ಸಸಿ ತೆಗೆಯುವಾಗ ಆ ತಾಯಿಯನ್ನು ಆರಿಸಿದವರು ಯಾರು, ಹೇಗೆ ಎಂಬ ಪ್ರಶ್ನೆ ಇನ್ನೂ ಭಾರವಾಗುತ್ತದೆ. ರಸಬಾಳೆ ಬಿಟ್ಟು ಏಲಕ್ಕಿ ಬಾಳೆಯನ್ನೋ ಜಿ-9 ಅನ್ನೋ ನೆಡಲಿ ಎನ್ನುವುದು ಇನ್ನೊಂದು ವಾದ. ಏಲಕ್ಕಿಗೂ ಸೊರಗು ತಟ್ಟುತ್ತದೆ. ಜಿ-9 ಸೇರಿದ ಕ್ಯಾವೆಂಡಿಶ್ ಗುಂಪು ಹಳೆಯ ಬಗೆಯ ರೋಗವನ್ನು ತಡೆದುಕೊಂಡದ್ದು ನಿಜವಾದರೂ, ಅದನ್ನೂ ಕೊಲ್ಲುವ ಟಿಆರ್-4 ಎಂಬ ಬಗೆ ಬಿಹಾರ, ಉತ್ತರ ಪ್ರದೇಶಗಳಿಗೆ ಈಗಾಗಲೇ ಕಾಲಿಟ್ಟಿದೆ. ಓಡಿಹೋಗಲು ಇನ್ನೊಂದು ತಳಿ ಯಾವಾಗಲೂ ಇರುತ್ತದೆ ಎಂಬ ಧೈರ್ಯ ಸಲ್ಲದು. ಜೀನ್ ತಂತ್ರಜ್ಞಾನ ಬಂದು ಎಲ್ಲವನ್ನೂ ಪರಿಹರಿಸುತ್ತದೆ ಎನ್ನುವವರು ಆಸ್ಟ್ರೇಲಿಯ 2024ರಲ್ಲಿ ಒಪ್ಪಿಗೆ ಕೊಟ್ಟ ಕುಲಾಂತರಿ ಕ್ಯಾವೆಂಡಿಶ್ ಅನ್ನು ತೋರಿಸುತ್ತಾರೆ. ಅದರೊಳಗೆ ಸೇರಿಸಿದ ಜೀನ್ ಎಲ್ಲಿಯದು? ರೋಗವನ್ನು ತಡೆದು ನಿಂತ ಒಂದು ಕಾಡುಬಾಳೆಯದು. ತಡೆದು ನಿಂತ ಗಿಡವನ್ನು ಮೊದಲು ಗುರುತಿಸಬೇಕು, ತಂತ್ರಜ್ಞಾನ ಆಮೇಲಿನ ಮಾತು.

ರೋಗದ ತೋಟದಲ್ಲಿ ಕೆಲಸ ಮಾಡಿದರೆ ರೋಗ ಹರಡುವುದಿಲ್ಲವೇ ಎಂಬ ಆತಂಕ ಈಗ ಹೇಳಿದ ವಾದಗಳಿಗಿಂತ ತೂಕದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಯ್ಕೆ ನಡೆಯಬೇಕಾದದ್ದು ಈಗಾಗಲೇ ರೋಗ ಹೊಕ್ಕು ಬೆಳೆಗಾರ ಕೈಬಿಟ್ಟ ತಾಕುಗಳಲ್ಲಿ. ಅಲ್ಲಿಂದ ಒಂದು ಕಂದೂ ಹೊರಗೆ ಹೋಗಬಾರದು. ಪರೀಕ್ಷೆಯಲ್ಲಿ ಗೆದ್ದ ಗಿಡದ ಸುಳಿಯ ತುದಿ ಮಾತ್ರ ಪ್ರಯೋಗಾಲಯಕ್ಕೆ ಹೋಗಿ, ಶುಚಿಯಾದ ಸಸಿಯಾಗಿ ಹಿಂದಿರುಗಬೇಕು. ಅಂಗಾಂಶ ಕೃಷಿಗೆ ಈ ಸರಪಳಿಯಲ್ಲಿ ಹೀಗೆ ದೊಡ್ಡ ಪಾಲೇ ಇದೆ. ಭತ್ತ ಬೆಳೆದು ನೀರು ನಿಲ್ಲಿಸಿದ ಗದ್ದೆಯಲ್ಲಿ ಶಿಲೀಂಧ್ರದ ಒತ್ತಡ ಕಡಿಮೆಯಾಗುತ್ತದೆ, ಪೂರ್ತಿ ಹೋಗದಿದ್ದರೂ. ಆದ್ದರಿಂದ ಗೆದ್ದ ಸಸಿಗಳ ಎರಡನೆಯ ಹಂತದ ಬೆಳೆಗೆ ತಿ. ನರಸೀಪುರದ ಭತ್ತದ ಬಯಲು ತಕ್ಕ ಜಾಗ.

ಇದಕ್ಕೆ ಬೇಕಾದ ಸಂಸ್ಥೆಗಳನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಮೈಸೂರಿನಲ್ಲಿ ತೋಟಗಾರಿಕಾ ಕಾಲೇಜಿದೆ, ತಿರುಚಿರಾಪಳ್ಳಿಯಲ್ಲಿ ಬಾಳೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿ ಉಳಿಸಿದ, ಸುಧಾರಿಸಿದ ರೈತನಿಗೆ ಮನ್ನಣೆಯನ್ನೂ ಬಹುಮಾನವನ್ನೂ ಕೊಡಲು ಅವಕಾಶ ಮಾಡಿದೆ. ಇಲ್ಲಿ ನೆರೆದಿರುವ ಬೆಳೆಗಾರರಲ್ಲಿ ನನ್ನ ವಿನಂತಿ ಇಷ್ಟು: ಸೊರಗಿದ ತೋಟವನ್ನು ಉತ್ತು ಹಾಕುವ ಮುನ್ನ ಒಮ್ಮೆ ಪೂರ್ತಿ ಸುತ್ತಿ ನೋಡಿ. ನಿಂತು ಗೊನೆ ಬಿಟ್ಟ ಗಿಡ ಒಂದಾದರೂ ಕಂಡರೆ ಅದಕ್ಕೊಂದು ಗುರುತು ಕಟ್ಟಿ, ಅದರ ಕಂದನ್ನು ಯಾರಿಗೂ ಕೊಡದೆ ಸುತ್ತೂರಿನ ಕೇಂದ್ರಕ್ಕೆ ತಿಳಿಸಿ.